ನರ್ಸಮ್ಮನ ಬೋರ್ಡು

“ನಮ್ಮ ನರ್ಸಮ್ಮನ್ನ ನರ್ಸು ಅನ್ಬ್ಯಾಡಿ ಅನ್ನಾಕೆ ನೀವ್ಯಾರು ತಾಯಿ?” ಜವರಪ್ಪ ಜೀಪಿಗೇ ಅಡ್ಡ ನಿಂತಿದ್ದ. ಬೀದಿಯ ಜನವೆಲ್ಲ ಅವನ ಬೆನ್ನಿಗಿತ್ತು.

“ಕಾನೂನು ಕಣ್ರೀ,” ಎಂದರು ಆರೋಗ್ಯ ಇಲಾಖೆಯ ಅಧಿಕಾರಿ. “ಓದಿ, ಪಾಸಾಗಿ, ಹೆಸರು ನೋಂದಾಯಿಸಿದವರು ಮಾತ್ರ ನರ್ಸ್ ಅಂತ ಹಾಕ್ಕೋಬೇಕು. ಇವರು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಯಾರೋ ಹೆಸರು ಹಾಕದೆ ದೂರು ಬರೆದಿದ್ದಾರೆ.”

“ಯಾವನವ್ನು ದೂರು ಬರ್ದೋನು? ಸಿಗ್ಲಿ, ನಾನೇ ವಿಚಾರಿಸ್ಕತೀನಿ! ನನ್ನ ಮೂರು ಮಕ್ಕಳ ಸೊಂಟದ ಮೇಲೂ ಈವಮ್ಮನ ಸೂಜಿ ಗುರುತದೆ. ಆ ಬೋರ್ಡು ಬರೆಸಿ ಹಾಕ್ದೋರೇ ನಾವು!”

ಪುಟ್ಟಲಿಂಗಮ್ಮ ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ‘ನರ್ಸ್ ಪುಟ್ಟಲಿಂಗಮ್ಮ’ ಎಂಬ ಬೋರ್ಡನ್ನು ಡ್ರೈವರ್ ಬಿಚ್ಚಿ ಜೀಪಿನೊಳಗೆ ಹಾಕಿದ. ಮೂವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಹೋಯಿತಲ್ಲ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನ್ಮೇಲೆ ಸೂಜಿ ಮುಟ್ಟಿದರೆ ಕೇಸಾಗುತ್ತೆ ಅಜ್ಜಿ,” ಎಂದು ಅಧಿಕಾರಿ ಅವಳೊಬ್ಬಳಿಗೇ ಕೇಳುವಂತೆ ಮೆಲ್ಲಗೆ ಹೇಳಿ ಜೀಪು ಹತ್ತಿದರು. ಪುಟ್ಟಲಿಂಗಮ್ಮ ಹಿಂದೆಯೇ ಬಂದು, ಕಿಟಕಿಯೊಳಗೆ ತಲೆ ತೂರಿಸಿ ಪಿಸುಗುಟ್ಟಿದಳು.

“ಅಷ್ಟು ಮೆತ್ತಗೆ ಹೇಳುದ್ರೆ ಯಾರಿಗವ್ವಾ ಕೇಳ್ತದೆ? ನಂಗೆ ಕಣ್ಣು ಮಂಜು, ಕೈ ನಡುಗ್ತದೆ. ಯಾವ ಕೂಸಿಗೆ ಏನಾಗ್‌ಬುಡ್ತದೋ ಅಂತ ಎದೆ ಡವಡವ ಅಂತದೆ. ಬ್ಯಾಡ ಅಂದ್ರೂ ಇವ್ರು ಬುಡಾಕಿಲ್ಲ. ‘ಬೀದಿಗೆಲ್ಲಾ ಕೇಳೋ ಹಂಗೆ ಬೈಬೇಕು’ ಅಂತ ನಾನು ದೂರಿನ ಕಾಗದದಲ್ಲೇ ಬರ್ದಿರಲಿಲ್ವಾ?”

ಅಧಿಕಾರಿ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಜೀಪಿನಿಂದ ಕೆಳಗಿಳಿದು, ಜನರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡರು.