ಮೊದಲ ಲೋಟ

ಸೂಜಿ ಒಳಹೊಕ್ಕಾಗ ಸದ್ದೇನೂ ಆಗಲಿಲ್ಲ. ಪ್ರಯೋಗಾಲಯದವರೆಲ್ಲ ಊಟಕ್ಕೆ ಹೋಗಿದ್ದರು. ನಾಣ್ಯದಷ್ಟಗಲದ ಕಪ್ಪು ಪೊರೆಯ ಅಂಚಿನಲ್ಲಿ ಅಳಿಯ ಒಂದೇ ಒಂದು ಸಲ ಚುಚ್ಚಿದ. ಸೂಜಿಯನ್ನು ಕರವಸ್ತ್ರದಲ್ಲಿ ಒರೆಸಿ ಜೇಬಿಗಿಳಿಸಿದ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ತಂದದ್ದು. ಸಂಜೆಯೊಳಗೆ ಅದು ಮತ್ತೆ ಅಲ್ಲೇ ಇರಬೇಕು.

ಅವನು ಪ್ರಯೋಗಾಲಯದ ಮುಖ್ಯಸ್ಥರ ಶಿಷ್ಯ, ಅವರ ಮಗಳ ಗಂಡ. ಬೆನ್ನ ಹಿಂದೆ ಮಾತ್ರ ಎಲ್ಲರಿಗೂ ಬರೀ 'ಅಳಿಯ'. ಮಾವ ನಿವೃತ್ತರಾದರೆ ಆ ಕುರ್ಚಿ ತನ್ನದೇ ಎಂದು ಕಾದು ಕಾದು ಕೂದಲು ನರೆತಿತ್ತು. ಈಗ ಅವನೇ ಕೈಹಿಡಿದು ಕಲಿಸಿದ ಹುಡುಗಿ ಅಡ್ಡ ಬಂದಿದ್ದಳು.

ಅವಳು ಮಾಡಿದ ಪೊರೆಯ ತುಂಬ ಇಂಗಾಲದ ನ್ಯಾನೊ ಕೊಳವೆಗಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಒಳಗೋಡೆ ಎಷ್ಟು ನುಣುಪೆಂದರೆ ನೀರು ತಡೆಯೇ ಇಲ್ಲದೆ ಜಾರಿ ಓಡುತ್ತಿತ್ತು. ಹಳೆಯ ಲೆಕ್ಕಗಳು ಹೇಳುವುದಕ್ಕಿಂತ ಸಾವಿರ ಪಾಲು ವೇಗ. ರೋಗಾಣು ಮಾತ್ರ ತೂರಲಾರದು. "ನಾಳೆ ಎಲ್ಲರೆದುರು ಇದು ಗೆದ್ದರೆ ಪ್ರಯೋಗಾಲಯ ಅವಳದು," ಎಂದಿದ್ದರು ಮಾವ, ಅಳಿಯನ ಮುಖಕ್ಕೇ.

ನಾಳೆ ಪೊರೆಯ ಮೇಲಿನ ಪಾತ್ರೆಗೆ ಸುರಿಯುವುದು ಆಸ್ಪತ್ರೆಯ ಚರಂಡಿ ನೀರು. ಕೆಸರು ತಳ ಸೇರಿ ನೋಡಲು ತಿಳಿ, ಒಳಗೆ ರೋಗಗಳ ಸಂತೆ. ಕೆಳಗಿಳಿದ ಮೊದಲ ಲೋಟವನ್ನು ಅವಳೇ ಕುಡಿಯಬೇಕು. ತಾನು ಸೋಸಿದ ನೀರನ್ನು ತಾನೇ ಕುಡಿಯದವನ ಮಾತು ನಂಬಬೇಡಿ ಎನ್ನುವುದು ಇಲ್ಲಿ ಮಾವ ಹಾಕಿಕೊಟ್ಟ ನಿಯಮ. ಅವಳು ಹಾಸಿಗೆ ಹಿಡಿದರೆ ಪೊರೆಯ ಕಥೆಯೂ ಮುಗಿಯಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಹುಡುಗಿ ಸತ್ತೇ ಹೋದರೆ? ಆ ಯೋಚನೆ ಬಂದಿತ್ತು. ಬಂದಷ್ಟೇ ಬೇಗ ಹೋಗಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತುಂಬ ನೀರು ಕುದಿಯುತ್ತಿತ್ತು. ಮಾವನಿಗೆ ಬೇರೆಯವರ ಮೂತ್ರಪಿಂಡ ಕಸಿ ಮಾಡಿದ್ದರು. ಕುದಿಸದ ನೀರು ಅವರ ಪಾಲಿಗೆ ವಿಷ ಎಂದಿದ್ದರು ಡಾಕ್ಟರು.

"ನಿಮ್ಮಪ್ಪನಿಗೆ ಇಷ್ಟೊಂದಾ?" ಎಂದು ಹೆಂಡತಿಯನ್ನು ಕೇಳಿದ.

"ಇವತ್ತು ಜಾಸ್ತಿ ಬೇಕಾಗುತ್ತೆ. ನಾನೂ ಬರ್ತಿದೀನಿ ನೋಡೋಕೆ." ಮದುವೆಯಾದಾಗಿನಿಂದ ಪ್ರಯೋಗಾಲಯದ ಹೊಸಿಲು ತುಳಿಯದವಳು! ಇಸ್ತ್ರಿ ಮಾಡಿದ ಬಿಳಿ ಕೋಟು ಅವನ ಕೈಗಿತ್ತಳು. "ಎದೆ ಹತ್ರದ ಗುಂಡಿ ಕಿತ್ತುಹೋಗಿತ್ತು. ನಿನ್ನೆ ರಾತ್ರಿ ಹಾಕಿದೆ." ನೀರಿನ ಕ್ಯಾನು ಎತ್ತಿಕೊಂಡು ಅವನಿಗಿಂತ ಮೊದಲೇ ಹೊರಟಳು. ಅವನು ಕನ್ನಡಿಯನ್ನೂ ನೋಡದೆ ಕೋಟು ತೊಟ್ಟ.

ಸಭೆ ತುಂಬಿತ್ತು. ಹುಡುಗಿ ಕವಾಟ ತಿರುಗಿಸಿದಳು. ನೀರು ಎಲ್ಲರೂ ಎಣಿಸಿದ್ದಕ್ಕಿಂತ ಜೋರಾಗಿ ಧುಮುಕಿತು. ಚಪ್ಪಾಳೆ. ತೂತಿಗೆ ಚಪ್ಪಾಳೆ ತಟ್ಟುತ್ತಿದ್ದಾರಲ್ಲ ಎಂದು ಅಳಿಯನಿಗೆ ಒಳಗೊಳಗೇ ನಗು. ಹುಡುಗಿ ಮಾತ್ರ ನಗಲಿಲ್ಲ.

ಲೋಟ ತುಂಬಿಸಿ ನೇರ ಅವನ ಮುಂದೆ ಬಂದು ನಿಂತಳು. "ನಿಯಮ ಗೊತ್ತು. ಆದ್ರೆ ನನಗೆ ಕಲಿಸಿದವರು ಇವರು. ಮೊದಲ ಲೋಟ ಗುರುಗಳಿಗೆ."

ಬಾಯಲ್ಲಿ ಬಿಸಿತುಪ್ಪ. ಬೇಡವೆಂದರೆ ಏಕೆ ಎನ್ನುತ್ತಾರೆ. ಕುಡಿದರೆ ತಾನು ತೋಡಿದ ಹಳ್ಳಕ್ಕೆ ತಾನೇ. ಲೋಟ ತೆಗೆದುಕೊಂಡು ಪಕ್ಕಕ್ಕೆ ತಿರುಗಿದ. ಪಕ್ಕದ ಕುರ್ಚಿಯಲ್ಲಿ ಮಾವ ಕುಳಿತಿದ್ದರು.

ಅಳಿಯ ಬಾಗಿ ಎರಡೂ ಕೈಗಳಿಂದ ಲೋಟ ಚಾಚಿದ. "ನನಗೆ ಕಲಿಸಿದವರು ಇವರು. ಮಾವ, ನೀವೇ ಮೊದಲು."

ಸಭೆ ಮೆಚ್ಚಿ ತಲೆದೂಗಿತು. ಮಾವ ಲೋಟವನ್ನು ತುಟಿಯ ಹತ್ತಿರ ತಂದು, ತಡೆದು, ಅವನ ಮುಖವನ್ನೇ ನೋಡಿದರು.

"ಕುಡೀಲೇನಪ್ಪಾ?"

"ಕುಡೀರಿ ಮಾವ."

"ನನ್ನ ಆರೋಗ್ಯದ ವಿಷಯ ನಿನಗೆ ಗೊತ್ತಲ್ಲ."

ಅಳಿಯನ ಕಣ್ಣಿಗೆ ಮುಖ್ಯಸ್ಥರ ಕುರ್ಚಿ ಕಂಡಿತು. ಹುಡುಗಿಯ ನೀರು ಕುಡಿದು ಮುದುಕ ಸತ್ತರೆ ಅವಳೂ ಮುಗಿದಳು. ಒಂದೇ ಕಲ್ಲಿಗೆ ಎರಡು ಹಕ್ಕಿ.

"ಪೊರೆ ಇದೆಯಲ್ಲ ಮಾವ. ನಂಬಿಕೆ ಇಡಿ."

ಮಾವ ಕೊನೆಯ ಹನಿಯವರೆಗೂ ಕುಡಿದರು. ಲೋಟ ಕೆಳಗಿಟ್ಟು, ಹಿಂದಿನ ಸಾಲಿನಲ್ಲಿದ್ದ ಮಗಳ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ನೀನೇ ಗೆದ್ದೆ ಮಗಳೇ. ನನ್ನ ಕೈಯಿಂದ ಲೋಟ ಕಿತ್ಕೋತಾನೆ ಅಂತ ನಾನೇ ಸುಮ್ನೆ ಹಟ ಮಾಡಿದೆ."

ಹೆಂಡತಿ ಎದ್ದು ಬಂದು ಖಾಲಿ ಲೋಟ ಎತ್ತಿಕೊಂಡಳು. "ಮೇಲಿನ ಪಾತ್ರೆಗೆ ಹಾಕಿದ್ದು ನಾನು ಕುದಿಸಿದ ನೀರು ರೀ. ಕೋಟಿನ ಗುಂಡಿ ಒಂಚೂರು ನೋಡ್ಕೊಳ್ಳಿ."

ಅವನು ತಲೆ ತಗ್ಗಿಸಿ ನೋಡಿದ: ಬೆಳ್ಳಗಿನ ಬಟ್ಟೆಯ ಮೇಲೆ, ಸೂಜಿ ಹೊಕ್ಕು ಹೊರಟಲ್ಲೆಲ್ಲ, ಪೊರೆಯ ಕಪ್ಪು.