ಅರಿಶಿನದ ಕೆನ್ನೆ

"ಮೊದಲು ಈ ಅರಿಶಿನ ಒರಸ್ರಿ. ಮೈಬಣ್ಣ ಕಾಣವಲ್ದು" ಎಂದು ಸಿರುಗುಪ್ಪದ ಡಾಕ್ಟರು ಹತ್ತಿಯ ಉಂಡೆಗಳನ್ನು ಮುಂದಿಟ್ಟರು. ಕೊಟ್ರಬಸಮ್ಮ ಒಂದನ್ನು ನೀರಿನಲ್ಲಿ ಅದ್ದಿ ಮಗಳು ಜಂಬಮ್ಮನ ಕೆನ್ನೆ ಒರೆಸಿದಳು. ಹತ್ತಿ ಹಳದಿಯಾಯಿತು. ಅವಳು ಕಣ್ಣು ತೆರೆಯಲಿಲ್ಲ.

ಮುತ್ತೈದೆ ಬೋಳು ಮುಖದಲ್ಲಿ ಹೊಸಿಲು ದಾಟಬಾರದೆಂದು, ಜ್ವರದಲ್ಲಿ ನರಳುವವಳಿಗೂ ದಿನಾ ಅರಿಶಿನ ತಿಕ್ಕಿದವಳು ಕೊಟ್ರಬಸಮ್ಮನೇ. ಮೊನ್ನೆ ಇದೇ ಡಾಕ್ಟರು ಕೆಂಪಾದ ಕಣ್ಣು, ಮೈಮೇಲಿನ ಗಂಧೆ ನೋಡಿ, "ಸೊಳ್ಳಿ ಜ್ವರ. ನಿಮ್ಮ ರಾರಾವಿ ಊರ ತುಂಬ ಐತಿ, ತಾನ ಇಳಿತೈತಿ" ಎಂದು ಕಳಿಸಿದ್ದರು. ಓಣಿಯಲ್ಲಿ ಎಲ್ಲರಿಗೂ ಇಳಿದಿತ್ತು. ಇವಳಿಗೆ ಮಾತ್ರ ಉಚ್ಚೆ ಕಟ್ಟಿತ್ತು.

"ನಾಟಿ ಹಚ್ಚಾಕ ಹೋಗಿದ್ಲೇನು?"

"ಹೂಂರಿ. ಹಿಮ್ಮಡ ಒಡದಿದ್ರೂ ಕೆಸರಿಗೆ ಇಳದ್ಲು."

"ಗದ್ಯಾಗ ಇಲಿ ಅದಾವೇನು?"

"ಇಲಿ ಇಲ್ಲದ ಗದ್ದಿ ಎಲ್ಲೈತ್ರಿ?"

ಡಾಕ್ಟರು ಜಂಬಮ್ಮನ ರೆಪ್ಪೆ ಎತ್ತಿ ನೋಡಿ, ಮೆಲ್ಲಗೆ ಬಿಟ್ಟರು. "ಸೊಳ್ಳಿ ಜ್ವರ ಸುಳ್ಳಲ್ಲಮ್ಮ. ಅದರ ಜೋಡಿ ಇಲಿ ಜ್ವರಾನೂ ಬಂದೈತಿ. ಇಲಿ ಉಚ್ಚಿ ಬೆರತ ಕೆಸರು ಒಡದ ಹಿಮ್ಮಡದಾಗ ಇಳದೈತಿ. ಎರಡೂ ಒಂದೇ ಥರ ಸುಡ್ತಾವ. ಕಾಮಾಲಿ ಕಂಡಿದ್ರ ಅವತ್ತೇ ಸೂಜಿ ಮಾಡ್ತಿದ್ದೆ. ಈಗ ಕಿಡ್ನಿ ಕೈಬಿಟ್ಟಾವ."

"ತಡೀರಿ, ಇನ್ನೂ ಅರಿಶಿನ ಹೋಗಿಲ್ಲ" ಎನ್ನುತ್ತ ಕೊಟ್ರಬಸಮ್ಮ ಹೊಸ ಉಂಡೆ ಅದ್ದಿ ಗಟ್ಟಿಯಾಗಿ ತಿಕ್ಕಿದಳು. ಇನ್ನೊಂದು ತೆಗೆದುಕೊಂಡಳು, ಮತ್ತೊಂದು. ಹತ್ತಿ ಬೆಳ್ಳಗೇ ಬರುತ್ತಿತ್ತು. ಕೆನ್ನೆ ಹಳದಿಯಾಗಿಯೇ ಇತ್ತು.