ಚಾಲ್ತಿಯ ಮೊದಲ ಸಾಲು

ಬಾಳಪ್ಪನವರ ಮಗಳ ಲಗ್ನಪತ್ರಿಕೆಯ ಹಳೆಯ ಕರಡನ್ನು ಡ್ರೈವ್‌ನಿಂದ ಅಳಿಸಲು ಪ್ರತೀಕ ಬೆರಳೆತ್ತಿದ್ದ. ತ್ರಿಶಲಾ ಗಂಡನ ಕೈ ಹಿಡಿದಳು. "ಅದು ಇರ್ಲಿ ಬಿಡ್ರಿ."

ಪತ್ರಿಕೆ ತಯಾರಾಗುವುದು ಖಾನಾಪುರದ ಅವರ ಅಂಗಡಿಯಲ್ಲಿ, ಮುದ್ರಣ ಬೆಳಗಾವಿಯಲ್ಲಿ. ಪ್ರೆಸ್ಸಿನವರೂ ತೆರೆಯುವ ಆ ಡ್ರೈವ್‌ನಲ್ಲಿ ಅವರಿಗೆ ಬೇಕಾದ ಫೈಲು ತಟ್ಟನೆ ಸಿಗಲೆಂದು ಬೆಳಗಿನಿಂದ ಕೂತು, ಮುಗಿದ ಲಗ್ನಗಳನ್ನೆಲ್ಲ ಬೇರೆ ಫೋಲ್ಡರಿಗೆ ಸಾಗಿಸಿದ್ದರು. 'ಚಾಲ್ತಿ' ಫೋಲ್ಡರಿನಲ್ಲಿ ಉಳಿದದ್ದು ಒಂಬತ್ತೇ ಪತ್ರಿಕೆ.

"ತಂಗಿ ಜೋಡಿ ಜಗಳಾ ಮಾಡಿ ಆಕಿ ಹೆಸರು ಬಾಳಪ್ಪನವರೇ ತೆಗಿಸ್ಯಾರ. ಇನ್ನ ಆಕಿ ಹೆಸರಿದ್ದ ಈ ಕರಡು ಯಾಕ?" ಎಂದ ಪ್ರತೀಕ. ತ್ರಿಶಲಾ ಆ ಕರಡನ್ನು ಚಾಲ್ತಿಯ ಮೊದಲ ಸಾಲಿಗೇ ತಂದಿಟ್ಟಳು. ಪತ್ರಿಕೆಯಿಂದ ಸಿಟ್ಟಿಗೆ ಹೊರಬಿದ್ದ ಎಷ್ಟು ಅತ್ತೆ-ಮಾವಂದಿರು ಮರಳಿ ಒಳಗೆ ಬಂದಿದ್ದಾರೆಂಬುದನ್ನು ಅವಳು ಹನ್ನೆರಡು ವರ್ಷಗಳಿಂದ ನೋಡುತ್ತ ಬಂದಿದ್ದಳು.

ನಾಲ್ಕಕ್ಕೆ ಮುದ್ರಣ. ಇನ್ನು ಹತ್ತು ನಿಮಿಷವಿರುವಾಗ ಬಾಳಪ್ಪನವರು ಏದುಸಿರು ಬಿಡುತ್ತ ಬಂದರು. "ಕುಂದರ್ರಿ ಕಾಕಾ" ಎಂದು ತ್ರಿಶಲಾ ಅಂದರೂ ಕೂಡಲಿಲ್ಲ.

"ಪತ್ರಿಕಿ ಹೋತೇನವಾ? ನಮ್ಮ ತಂಗಿ ಸಂಗವ್ವ ಕರೀದಿದ್ರೂ ಮುಂಜಾನೆ ಬಂದು ಶಾವಿಗಿ ಹೊಸ್ಯಾಕ ಕುಂತಾಳ. ಆಕಿ ಹೆಸರಿಲ್ಲದ ಪತ್ರಿಕಿ ಆಕಿ ಕೈಯಾಗ ಹೆಂಗ ಕೊಡ್ಲಿ?"

ತ್ರಿಶಲಾ ಮೊದಲ ಸಾಲನ್ನು ಒತ್ತಿ, ಪರದೆಯನ್ನು ಅವರತ್ತ ತಿರುಗಿಸಿದಳು. ಪ್ರತೀಕ ಆಗಲೇ ಪ್ರೆಸ್ಸಿಗೆ ಫೋನು ಹಚ್ಚಿದ್ದ: "ಎಲ್ಲಾಕಿಂತ ಮ್ಯಾಲಿಂದು ತಗೋರಿ."

ಬಾಳಪ್ಪನವರು ತಂಗಿಯ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಇನ್ನ ಚಾ ತರಸವಾ."